ಲೈಟ್ ಬಿಲ್ಲಿನ ಮೇಲೆ ಯಾರ ಹೆಸರೈತಿ?



ಪ್ರವೇಶದ ಸೀಸನ್ ಬಂತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹುಡುಗರು ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತುತ್ತಾರೆ, ಜತ್ತದ ಹುಡುಗರು ಮಿರಜಕ್ಕೆ ಹೋಗಿ ಅಲ್ಲಿಂದ ಗಾಡಿ ಹಿಡೀತಾರೆ. ಬೆಳಗಾದ್ರೆ ಮುಂಬೈ. ಕಾಲೇಜಿನ ಹಾಸ್ಟೆಲ್ ಎಲ್ಲರಿಗೂ ಸಿಗೋದಿಲ್ಲ. ನಾಲ್ಕು ಜನ ಕೂಡಿ ಒಂದು ಫ್ಲ್ಯಾಟ್ ಹಿಡಿಯೋದೇ ರೂಢಿ.

ಹೋದ ವಾರ ನಮ್ಮ ತಾಲೂಕಿನ ಒಬ್ಬ ಹುಡುಗ ಫೋನ್ ಮಾಡಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. ಅಂಧೇರಿಯಲ್ಲಿ ಫ್ಲ್ಯಾಟ್ ನೋಡಿದ್ದಾರೆ, ನಾಲ್ಕು ಜನ.

"ಅಣ್ಣಾ, ಇಲ್ಲಿ ಲೈಟಿಗೆ ಎರಡು ಕಂಪನಿ ಅದಾವಂತ. ನಿಮಗ ಯಾವದು ಬೇಕು ಆರಿಸ್ಕೋರಿ ಅಂದಾನ ಏಜೆಂಟ್. ಅದಾನಿ ಇರಲೋ, ಟಾಟಾ ತೊಗೊಳ್ಳೋನೋ? ನೀವು ಬ್ಯಾಂಕಿನ್ಯಾಗ ಇದ್ದೀರಿ, ಲೆಕ್ಕ ಹಾಕಿ ಹೇಳ್ರಿ."

"ತಮ್ಮಾ, ಈಗ ಬಿಲ್ ಯಾರ ಹೆಸರಿಲೆ ಬರ್ತದ?" ಅಂತ ಕೇಳಿದೆ.

"ಗೊತ್ತಿಲ್ರೀ. ಮಾಲಕರ ಹೆಸರಿಲೆ ಇರಬೇಕು."

"ಹೋದ ತಿಂಗಳ ಬಿಲ್ ನೋಡಿರೇನು?"

"ಇಲ್ರೀ."

ಇಷ್ಟೇ ಮಾತು. ಆದರೆ ಇವತ್ತಿನ ಸಂಪಾದಕೀಯಕ್ಕೆ ಇದು ಸಾಕು. ಯಾಕಂದ್ರೆ ಹುಡುಗರು ಯಾವ ಕಂಪನಿ ಅಂತ ತಾಸುಗಟ್ಟಲೆ ಚರ್ಚೆ ಮಾಡ್ತಾರೆ, ಬಿಲ್ಲಿನ ಮೇಲೆ ಯಾರ ಹೆಸರಿದೆ ಅಂತ ಒಬ್ಬನೂ ನೋಡೋದಿಲ್ಲ. ದುಡ್ಡು ಹೋಗೋದು ಅಲ್ಲೇ.

ಈ ಪುಟ ಓದುವವರಲ್ಲಿ ಬಹಳ ಜನಕ್ಕೆ ಕರೆಂಟಿಗೆ ಕಂಪನಿ ಆರಿಸೋದು ಅನ್ನೋ ಮಾತೇ ಹೊಸದು ಅನ್ನಿಸಬಹುದು. ಕಾಸರಗೋಡು, ವಯನಾಡಿನವರಿಗೆ ಕೆಎಸ್‌ಇಬಿ ಬಿಟ್ಟರೆ ಬೇರೆ ಇಲ್ಲ. ಆದವಾನಿ, ರಾಯದುರ್ಗ, ಮಡಕಶಿರಾದವರಿಗೆ ತಿರುಪತಿಯ ಎಪಿಎಸ್‌ಪಿಡಿಸಿಎಲ್. ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ತಮಿಳುನಾಡಿನ ಸರ್ಕಾರಿ ನಿಗಮ. ಗೋವಾದಲ್ಲಂತೂ ನೇರ ವಿದ್ಯುತ್ ಇಲಾಖೆ. ನಮಗೆ ಮಹಾವಿತರಣ. ಕರ್ನಾಟಕಕ್ಕೆ ಓದಲು ಹೋದವರಿಗೂ ಬೆಂಗಳೂರಲ್ಲಿ ಬೆಸ್ಕಾಂ, ಹುಬ್ಬಳ್ಳಿ–ಬೆಳಗಾವಿಯಲ್ಲಿ ಹೆಸ್ಕಾಂ, ಕಲಬುರಗಿಯಲ್ಲಿ ಜೆಸ್ಕಾಂ. ಊರು ಬದಲಾದರೆ ಕಂಪನಿ ಬದಲಾಗ್ತದೆ, ಒಂದೇ ಊರಲ್ಲಿ ಎರಡು ಸಿಗೋದಿಲ್ಲ.

ಮುಂಬೈ ಉಪನಗರ ಇದಕ್ಕೆ ದೊಡ್ಡ ಅಪವಾದ. ಕೊಲಾಬಾದಿಂದ ಮಾಹೀಂ, ಸಾಯನ್‌ವರೆಗಿನ ಹಳೇ ಮುಂಬೈ ಬೆಸ್ಟ್‌ನ ಕೈಯಲ್ಲಿದೆ. ಹೌದು, ಕೆಂಪು ಬಸ್ ಓಡಿಸೋ ಅದೇ ಬೆಸ್ಟ್. ಬಾಂದ್ರಾದಿಂದ ಆಚೆ ಉಪನಗರಗಳಿಗೆ 1929ರಲ್ಲಿ ಹುಟ್ಟಿದ ಬಿಎಸ್‌ಇಎಸ್ ಕರೆಂಟ್ ಕೊಡುತ್ತಿತ್ತು. ಅದು ರಿಲಯನ್ಸ್ ಆಯಿತು, 2018ರ ಆಗಸ್ಟ್‌ನಿಂದ ಅದಾನಿ ಆಯಿತು. ಮುಲುಂಡ, ಭಾಂಡುಪ ಕಡೆ ಮಹಾವಿತರಣ. ಟಾಟಾದವರಿಗೂ ಮುಂಬೈಯಲ್ಲಿ ಬಹಳ ಹಳೇ ಲೈಸೆನ್ಸ್ ಇತ್ತು. ಆದರೆ ಅವರು ಚಿಲ್ಲರೆ ಗ್ರಾಹಕರಿಗೆ, ಅಂದ್ರೆ ಮನೆಮನೆಗೆ ಕೊಡಬಹುದೋ ಇಲ್ಲವೋ ಅಂತ ವರ್ಷಗಟ್ಟಲೆ ಜಗಳ ನಡೆದು, 2008ರ ಜುಲೈ 8ರಂದು ಸುಪ್ರೀಂ ಕೋರ್ಟ್ ಕೊಡಬಹುದು ಅಂತ ಹೇಳಿತು. 2009ರ ಅಕ್ಟೋಬರ್ 15ರಂದು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಬದಲಾಯಿಸೋ ವಿಧಾನ ಗೊತ್ತುಮಾಡಿತು. ಆವತ್ತಿನಿಂದ ಅಂಧೇರಿಯ ಒಂದು ಬಿಲ್ಡಿಂಗ್‌ನಲ್ಲಿ ಕೆಳಗಿನ ಮನೆಗೆ ಒಂದು ಕಂಪನಿ, ಮೇಲಿನ ಮನೆಗೆ ಇನ್ನೊಂದು ಕಂಪನಿ ಇರೋದು ಸಾಧ್ಯ ಆಯಿತು.

ಬದಲಾಯಿಸೋದರಲ್ಲೂ ಎರಡು ಥರ. ಒಂದು ಚೇಂಜ್‌ಓವರ್: ತಂತಿ ಹಳೇ ಕಂಪನಿಯದೇ, ಕರೆಂಟ್ ಮಾತ್ರ ಹೊಸ ಕಂಪನಿಯಿಂದ ಕೊಳ್ಳೋದು. ಇನ್ನೊಂದು ಸ್ವಿಚ್‌ಓವರ್: ಹೊಸ ಕಂಪನಿಯ ತಂತಿಗೇ ಹೋಗೋದು. ಆ ತಂತಿ ನಿಮ್ಮ ಬಿಲ್ಡಿಂಗ್‌ವರೆಗೆ ಬಂದಿದ್ದರೆ ಮಾತ್ರ ಅದು. ಚೇಂಜ್‌ಓವರ್ ಮಾಡಿದರೆ ಕರೆಂಟಿನ ದರ ಹೊಸ ಕಂಪನಿಗೆ, ತಂತಿಯ ಬಾಡಿಗೆ ಹಳೇ ಕಂಪನಿಗೆ. ನಮ್ಮ ಮಹಾವಿತರಣದ ಮರಾಠಿ ಬಿಲ್ ನೋಡಿದವರಿಗೆ ಇದು ಗೊತ್ತಿರೋದೇ. ಸ್ಥಿರ ಆಕಾರ, ವೀಜ ಆಕಾರ, ವಹನ ಆಕಾರ, ಇಂಧನ ಸಮಾಯೋಜನ ಆಕಾರ, ಕೊನೆಗೆ ವೀಜ ಶುಲ್ಕ. (ನಮ್ಮಜ್ಜಿ "ಎಷ್ಟು ಆಕಾರ ಅದಾವಪಾ ಈ ಲೈಟಿಗೆ, ಗಣಪತಿಗೂ ಇಷ್ಟಿಲ್ಲ" ಅಂತಿದ್ದಳು. ಕನ್ನಡದಲ್ಲಿ ಆಕಾರ ಅಂದ್ರೆ ರೂಪ, ಬಿಲ್ಲಿನಲ್ಲಿ ಆಕಾರ ಅಂದ್ರೆ ರೊಕ್ಕ.) ಏಜೆಂಟ್ ಹೇಳೋ "ಯೂನಿಟ್‌ಗೆ ಇಷ್ಟು ಕಡಿಮೆ" ಅನ್ನೋ ಮಾತು ವೀಜ ಆಕಾರದ್ದು ಮಾತ್ರ. ವಹನ ಆಕಾರ ಅಂದ್ರೆ ತಂತಿಯ ಬಾಡಿಗೆ, ಅದು ಬೇರೆ. ಇಂಧನದ್ದು ಬೇರೆ. ಎಲ್ಲ ಕೂಡಿಸಿ ನೋಡದೆ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ.

ಇನ್ನು ಹುಡುಗ ಕೇಳಿದ ಲೆಕ್ಕಕ್ಕೆ ಬರೋಣ. ಬಿ.ಕಾಂ. ಮಾಡಿದ್ದಕ್ಕೆ ಇಷ್ಟಾದರೂ ಮಾಡಬೇಕಲ್ಲ.

ಮೊದಲು ಫ್ಲ್ಯಾಟ್ ಎಷ್ಟು ಯೂನಿಟ್ ಉಣ್ಣುತ್ತದೆ ನೋಡಬೇಕು. ಸಾವಿರ ವ್ಯಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟಿನ ಗೀಜರ್ ನಾಲ್ಕು ಜನಕ್ಕೆ ಕಾಲು ಕಾಲು ತಾಸು ಅಂದ್ರೆ ದಿನಕ್ಕೆ ಒಂದು ತಾಸು, ಎರಡು ಯೂನಿಟ್, ತಿಂಗಳಿಗೆ 60. ಹಳೇ ನಮೂನೆಯ 75 ವ್ಯಾಟಿನ ಫ್ಯಾನ್ ಮೂರು, ದಿನಕ್ಕೆ 12 ತಾಸು. ತಿಂಗಳಿಗೆ ಸುಮಾರು 80. ಸಣ್ಣ ಫ್ರಿಜ್ 35 ಹಿಡೀರಿ. ಇಂಡಕ್ಷನ್ ಒಲೆ ದಿನಕ್ಕೆ ಅರ್ಧ ತಾಸು ಅಂದ್ರೆ 30. ನಾಲ್ಕು ಲ್ಯಾಪ್‌ಟಾಪ್ 40ರ ಮೇಲೆ ಚೂರು, ಲೈಟು 15. ಎಲ್ಲ ಕೂಡಿ 260ರ ಆಚೀಚೆ. ಇದರ ಮೇಲೆ ಒಂದು ಎಸಿ ರಾತ್ರಿ ಎಂಟು ತಾಸು ನಡೆದರೆ, ತಾಸಿಗೆ ಸರಾಸರಿ ಒಂದು ಯೂನಿಟ್ ಹಿಡಿದರೂ, ತಿಂಗಳಿಗೆ 240. ಅಲ್ಲಿಗೆ 500.

ಈಗ ಸ್ಲ್ಯಾಬ್. ಮಹಾರಾಷ್ಟ್ರದಲ್ಲಿ ಮನೆ ಬಳಕೆಗೆ ಮೊದಲ 100 ಯೂನಿಟ್‌ಗೆ ಒಂದು ದರ, 101ರಿಂದ 300ಕ್ಕೆ ಇನ್ನೊಂದು, 301ರಿಂದ 500ಕ್ಕೆ ಮತ್ತೊಂದು, 500 ದಾಟಿದರೆ ಬೇರೆ. ಒಬ್ಬೊಬ್ಬ ಹುಡುಗನ ಪಾಲು ತೆಗೆದರೆ 65 ಯೂನಿಟ್, ಬಡವರ ಸ್ಲ್ಯಾಬು. ಆದರೆ ಮೀಟರಿಗೆ ತಲೆ ಎಣಿಸಲು ಬರೋದಿಲ್ಲ. ಅದಕ್ಕೆ ಇದೊಂದು ಮನೆ, 260 ಯೂನಿಟ್, ಅಷ್ಟೇ. ಕೂಡಿ ಇದ್ದರೆ ಬಾಡಿಗೆ ಉಳೀತದೆ, ಲೈಟ್ ಬಿಲ್ಲಿನಲ್ಲಿ ಅದರ ದಂಡ ಬೀಳ್ತದೆ.

ದರ ಆಯೋಗದ ಆದೇಶದಂತೆ ಆಗಾಗ ಬದಲಾಗುತ್ತೆ. ಆದ್ದರಿಂದ ಲೆಕ್ಕದ ದಾರಿ ತೋರಿಸೋಕೆ ದುಂಡನೆ ಅಂಕಿ ಹಿಡೀತೀನಿ. ಇವು ಯಾವ ಕಂಪನಿಯ ನಿಜವಾದ ದರವೂ ಅಲ್ಲ, ಮತ್ತೆ ಯಾರೂ ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ಒಂದನೇ ಕಂಪನಿಗೆ ಮೊದಲ ಮೂರು ಸ್ಲ್ಯಾಬಿನ ದರ 4, 8, 12 ರೂಪಾಯಿ ಅನ್ನೋಣ. ಎರಡನೇ ಕಂಪನಿಗೆ 6, 8, 10. ಅಂದ್ರೆ ಒಂದು ಕಂಪನಿ ಸಣ್ಣ ಬಳಕೆದಾರನಿಗೆ ಅಗ್ಗ, ಇನ್ನೊಂದು ದೊಡ್ಡವನಿಗೆ.

260 ಯೂನಿಟ್‌ಗೆ ಒಂದನೆಯದರಲ್ಲಿ 1,680 ರೂಪಾಯಿ, ಎರಡನೆಯದರಲ್ಲಿ 1,880. ಒಂದನೆಯದು 200 ಅಗ್ಗ. 400 ಯೂನಿಟ್‌ಗೆ ಎರಡರಲ್ಲೂ 3,200, ಸರಿಸಮ. ಎಸಿ ಹಚ್ಚಿ 500 ಆಯಿತು ಅನ್ನಿ, ಒಂದನೆಯದರಲ್ಲಿ 4,400, ಎರಡನೆಯದರಲ್ಲಿ 4,200. ಈಗ ಎರಡನೆಯದು 200 ಅಗ್ಗ. ಅದೇ ಫ್ಲ್ಯಾಟ್, ಅದೇ ಹುಡುಗರು, ಒಂದು ಎಸಿಗೆ ಉತ್ತರ ತಿರುಗಿತು. ಹಾಗಾಗಿ "ಯಾವ ಕಂಪನಿ ಅಗ್ಗ?" ಅಂತ ಪಕ್ಕದ ಫ್ಲ್ಯಾಟಿನವರನ್ನ ಕೇಳಿ ಉಪಯೋಗ ಇಲ್ಲ. ಅವರ ಯೂನಿಟ್ ಬೇರೆ, ನಿಮ್ಮ ಯೂನಿಟ್ ಬೇರೆ.

ವರ್ಷದ ಲೆಕ್ಕ ನೋಡಿ. ಒಂಬತ್ತು ತಿಂಗಳು ಎಸಿ ಇಲ್ಲ, ಮೂರು ತಿಂಗಳು ಇದೆ. ಒಂದನೇ ಕಂಪನಿ ಆರಿಸಿದರೆ 1,800 ಉಳಿಸಿ 600 ಕಳೀತೀರಿ. ವರ್ಷಕ್ಕೆ 1,200 ಲಾಭ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 300, ತಿಂಗಳಿಗೆ 25 ರೂಪಾಯಿ. ಒಂದು ವಡಾಪಾವಿನ ದುಡ್ಡು. ಬೇಡ ಅನ್ನೋದಿಲ್ಲ, ಸಿಕ್ಕರೆ ಬಿಡಬಾರದು. ಆದರೆ ಇದಕ್ಕಾಗಿ ರಾತ್ರಿ ಹನ್ನೆರಡರ ತನಕ ವಾಟ್ಸ್ಯಾಪ್ ಗುಂಪಿನಲ್ಲಿ ಜಗಳ ಆಡುವಷ್ಟು ದೊಡ್ಡ ಗಂಟಲ್ಲ.

ದೊಡ್ಡ ಗಂಟು ಎಲ್ಲಿದೆ ಅಂದ್ರೆ ಹಂಚೋದರಲ್ಲಿ. ಎಸಿ ಇರೋದು ಬೆಡ್‌ರೂಮಿನಲ್ಲಿ, ಅಲ್ಲಿ ಇಬ್ಬರು. ಹಾಲಿನಲ್ಲಿ ಫ್ಯಾನ್ ಕೆಳಗೆ ಇಬ್ಬರು. 4,400 ಬಿಲ್ ಬಂತು, ನಾಲ್ಕು ಭಾಗ ಮಾಡಿದರೆ ತಲೆಗೆ 1,100. ಎಸಿ ಇಲ್ಲದಿದ್ದರೆ ಹಾಲಿನವರ ಪಾಲು 420 ಬರ್ತಿತ್ತು. ಅಂದ್ರೆ ಸೆಕೆಯಲ್ಲಿ ಮಲಗಿದವನು ತಂಪಿನಲ್ಲಿ ಮಲಗಿದವನಿಗಾಗಿ ತಿಂಗಳಿಗೆ 680 ರೂಪಾಯಿ ಕಟ್ಟಿದ. ಜಾಣರು ಒಂದು ಸಬ್‌ಮೀಟರ್ ಹಚ್ಚಿ, "ಎಸಿ 240 ಯೂನಿಟ್, ಸರಾಸರಿ ದರ 8 ರೂಪಾಯಿ 80 ಪೈಸೆ" ಅಂತ ಭಾಗಿಸ್ತಾರೆ. ಅದೂ ಪೂರ್ತಿ ನ್ಯಾಯ ಅಲ್ಲ. ಹಾಗೆ ಮಾಡಿದರೂ ಹಾಲಿನವನ ಮೇಲೆ 572 ಬೀಳ್ತದೆ, 152 ಹೆಚ್ಚೇ. ಯಾಕಂದ್ರೆ ಫ್ಲ್ಯಾಟನ್ನು ಮೇಲಿನ ಸ್ಲ್ಯಾಬಿಗೆ ಒಯ್ದದ್ದು ಎಸಿ. ಎಸಿ ಇಲ್ಲದ ತಿಂಗಳ ಬಿಲ್ ಎಷ್ಟಿತ್ತು, ಇರೋ ತಿಂಗಳದ್ದು ಎಷ್ಟು, ಆ ವ್ಯತ್ಯಾಸದ 2,720 ಪೂರ್ತಿ ಎಸಿ ರೂಮಿನವರದ್ದು. ನನ್ನ ಅಭಿಪ್ರಾಯ ಇದು. ಹಳ್ಳಿಯಿಂದ ಬಂದ ಹುಡುಗ, ಅಪ್ಪ ತೊಗರಿ ಮಾರಿ ಕಳಿಸಿದ ದುಡ್ಡು, ಬಾಯಿ ತೆಗೆದು ಕೇಳೋಕೆ ಸಂಕೋಚ. ಕೇಳದೆ ಇದ್ದವನೇ ಪ್ರತಿ ಸಲ ಹೆಚ್ಚು ಕಟ್ಟೋದು.

ಇನ್ನು ಹೆಸರಿನ ವಿಷಯ. ಇಲ್ಲಿ ನನ್ನದೇ ಕತೆ ಹೇಳಬೇಕು.

ಬಿ.ಕಾಂ. ಆದ ಮೇಲೆ ಬ್ಯಾಂಕ್ ಪರೀಕ್ಷೆಯ ತಯಾರಿಗೆ ಅಂತ ನಾನೂ ಮುಂಬೈ ಉಪನಗರದಲ್ಲಿ ಇದ್ದೆ. ನಾಲ್ಕು ಜನ, ಒಂದು ಬೆಡ್‌ರೂಮ್, ಒಂದು ಹಾಲು. ಲೈಟ್ ಬಿಲ್ ಬಾಡಿಗೆ ಜೊತೆಗೇ ನಗದು ಕೊಡಿ, ನಾನೇ ಕಟ್ಟುತ್ತೀನಿ ಅಂದಿದ್ದರು ಮಾಲಕರು. ಹಿರಿಯರು, ಮರ್ಯಾದಸ್ಥರು, ಬೇರೆ ಊರಲ್ಲಿರೋರು. ಅವರ ಪರವಾಗಿ ಒಬ್ಬ ಮನುಷ್ಯ ತಿಂಗಳಿಗೊಮ್ಮೆ ಬಂದು ದುಡ್ಡು ಒಯ್ಯುತ್ತಿದ್ದ. ರಸೀದಿ ಇಲ್ಲ. ಕೇಳೋಕೆ ನಮಗೂ ಹೊಳೀಲಿಲ್ಲ.

ಆಗ ಸುತ್ತಮುತ್ತ ಎಲ್ಲರೂ ಕಂಪನಿ ಬದಲಿಸುವ ಹುರುಪಿನಲ್ಲಿದ್ದರು. ನಾವೂ ಬದಲಿಸೋಣ ಅಂತ ಅರ್ಜಿ ತಂದು ತುಂಬಿದೆವು. ಅರ್ಜಿದಾರರ ಸಹಿ ಅಂತ ಇದ್ದ ಕಡೆ ನಾನು ಸಹಿ ಮಾಡಿದೆ, ದೊಡ್ಡ ಮನುಷ್ಯನ ಹಾಗೆ. ಕಚೇರಿಯ ಕಿಟಕಿಯಲ್ಲಿದ್ದವರು ಕಂಪ್ಯೂಟರ್ ನೋಡಿ ಎರಡು ಮಾತು ಹೇಳಿದರು. ಒಂದು, ಗ್ರಾಹಕರು ನೀವಲ್ಲ. ಎರಡು, ಈ ಮೀಟರಿನ ಮೇಲೆ ಮೂರು ತಿಂಗಳ ಬಾಕಿ ಇದೆ, ಅದು ತೀರದೆ ಬದಲಾವಣೆ ಇಲ್ಲ. ನಾವು ಪ್ರತಿ ತಿಂಗಳು ಕೊಟ್ಟ ದುಡ್ಡು ದಾರಿಯಲ್ಲೇ ಎಲ್ಲೋ ಉಳಿದಿತ್ತು.

ಮಾಲಕರಿಗೆ ಫೋನ್ ಮಾಡಿದರೆ "ನೋಡ್ತೀನಿ" ಅಂದರು. ನೋಡಲಿಲ್ಲ. ಕರೆಂಟ್ ಕಡಿಯೋ ಮೊದಲು ಲಿಖಿತ ನೋಟಿಸ್ ಕೊಟ್ಟು ಪೂರ್ತಿ 15 ದಿನ ಕಾಯಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ. ನೋಟಿಸ್ ಬಂದಿತ್ತು ಕೂಡ. ಮಾಲಕರ ಹೆಸರಿನ ಲಕೋಟೆ. ಬೇರೆಯವರ ಕಾಗದ ಒಡೀಬಾರದು ಅಂತ ಮನೆಯಲ್ಲಿ ಕಲಿಸಿದ್ದರಲ್ಲ, ನಾವು ಅದನ್ನ ಜತನವಾಗಿ ಕಪಾಟಿನ ಮೇಲೆ ಇಟ್ಟಿದ್ದೆವು. ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ ಲೈಟ್ ಹೋಯಿತು. ಎರಡು ರಾತ್ರಿ ಸೊಸೈಟಿಯ ಮೆಟ್ಟಿಲ ದೀಪದ ಕೆಳಗೆ ಕೂತು ಓದಿದೆವು. ಮೂರನೇ ದಿನ ನಾಲ್ಕೂ ಜನ ಊರಿಗೆ ಫೋನ್ ಮಾಡಿ ದುಡ್ಡು ತರಿಸಿ, ಒಂದು ಸಲ ಕಟ್ಟಿದ್ದನ್ನೇ ಎರಡನೇ ಸಲ ಕಟ್ಟಿದೆವು. ಊರಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು: "ಹೋದ ತಿಂಗಳು ಕಳಿಸಿದ್ದು ಏನ್ ಮಾಡಿದ್ಯೋ?" ಅದಕ್ಕೆ ಉತ್ತರ ಇತ್ತು, ಆದರೆ ರಸೀದಿ ಇರಲಿಲ್ಲ.

ಅದಕ್ಕೇ ಹೇಳೋದು. ಮುಂಬೈಯಲ್ಲಿ ಆಯ್ಕೆ ಇದೆ ಅನ್ನೋದು ನಿಜ. ಆದರೆ ಆ ಆಯ್ಕೆ ಇರೋದು ಫ್ಲ್ಯಾಟಿಗೂ ಅಲ್ಲ, ಬಲ್ಬು ಉರಿಸುವವನಿಗೂ ಅಲ್ಲ. ಬಿಲ್ಲಿನ ಮೇಲೆ ಹೆಸರಿರುವವನಿಗೆ. ಅವನ ಸಹಿ ಇಲ್ಲದೆ ಅರ್ಜಿ ಮುಂದೆ ಹೋಗೋದಿಲ್ಲ. ಡಿಪಾಸಿಟ್ ಅವನದು. ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಆ ಡಿಪಾಸಿಟ್‌ಗೆ ಕಂಪನಿ ಬಡ್ಡಿ ಕೊಡಬೇಕು, ಬ್ಯಾಂಕ್ ರೇಟಿಗೆ ಕಡಿಮೆ ಇಲ್ಲದಂತೆ. ಆ ಬಡ್ಡಿಯೂ ಅವನಿಗೇ. ಕೆಲವು ಮಾಲಕರು ಹುಡುಗರಿಂದ "ಲೈಟ್ ಡಿಪಾಸಿಟ್" ಅಂತ ಬೇರೆ ತೊಗೋತಾರೆ, ಅದಕ್ಕೆ ಬಡ್ಡಿಯ ಮಾತೇ ಇಲ್ಲ.

ನಮ್ಮ ಕೌಂಟರಿನಲ್ಲೂ ಇದೇ ನೋಡ್ತೀನಿ. ಖಾತೆ ತೆರೆಯಲು ಬರುವ ಹುಡುಗರು ವಿಳಾಸಕ್ಕೆ ಅಂತ ಲೈಟ್ ಬಿಲ್ ತರ್ತಾರೆ. ಎರಡು ತಿಂಗಳಿಗಿಂತ ಹಳೆಯದಲ್ಲದ ಬಿಲ್ ವಿಳಾಸಕ್ಕೆ ನಡೀತದೆ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ ನಿಜ. ಆದರೆ ಬಿಲ್ಲಿನ ಮೇಲೆ ಇರೋದು ಮಾಲಕರ ಹೆಸರು. "ಸರ್, ಬಿಲ್ ನಾವೇ ಕಟ್ಟೋದು" ಅಂತಾರೆ. ಕಟ್ಟೋದು ನೀವೇ ಇರಬಹುದಪ್ಪ, ಕಾಗದದ ಮೇಲೆ ನೀವಿಲ್ಲ.

ಹಾಗಾದರೆ ಬಾಡಿಗೆಯವನಿಗೆ ಹಕ್ಕೇ ಇಲ್ಲವೇ? ಇದೆ. 43ನೇ ಸೆಕ್ಷನ್ ಓದಿದರೆ, ಸಂಪರ್ಕಕ್ಕೆ ಅರ್ಜಿ ಹಾಕಬಹುದಾದವರು ಮಾಲಕ ಅಥವಾ ಆ ಜಾಗದಲ್ಲಿ ವಾಸ ಇರುವವರು ಅಂತ ಇದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಚ್ಚಿ ಹೇಳಿತು: ವಿದ್ಯುತ್ ಮೂಲ ಸೌಕರ್ಯ, ಮಾಲಕ ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನೋ ಕಾರಣಕ್ಕೆ ಬಾಡಿಗೆದಾರನಿಗೆ ಸಂಪರ್ಕ ನಿರಾಕರಿಸುವ ಹಾಗಿಲ್ಲ, ಅರ್ಜಿದಾರ ಅಲ್ಲಿ ವಾಸ ಇದ್ದಾನೋ ಇಲ್ಲವೋ ಅನ್ನೋದನ್ನಷ್ಟೇ ನೋಡಬೇಕು. ಒಳ್ಳೇ ತೀರ್ಪು. ಅಂಗಡಿ ಇಟ್ಟವರು, ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಇರೋರು ಇದನ್ನ ನೆನಪಿಡಬೇಕು. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವ ವಿದ್ಯಾರ್ಥಿಗಳು ಮಾಲಕರ ಜೊತೆ ಕೋರ್ಟು ಕಾನೂನು ಅಂತ ಹೊರಟರೆ ಹನ್ನೆರಡನೇ ತಿಂಗಳು ಆ ಮನೆ ಇರೋದಿಲ್ಲ. ಹಕ್ಕು ಇದೆ ಅಂತ ಗೊತ್ತಿರಲಿ, ಮಾತಾಡುವಾಗ ಬೆನ್ನು ನೇರ ಇರ್ತದೆ; ಕೆಲಸ ಆಗೋದು ಕರಾರಿನ ಕಾಗದದಲ್ಲಿ.

ಬಾಕಿಯ ಬಗ್ಗೆ ಕೋರ್ಟು ಅಷ್ಟು ಮೃದುವಾಗಿಲ್ಲ ಅನ್ನೋದನ್ನೂ ಹೇಳಬೇಕು. 2023ರ ಮೇ ತಿಂಗಳಲ್ಲಿ ಕೇರಳದ ವಿದ್ಯುತ್ ಮಂಡಳಿ ಸೇರಿದ ಒಂದು ದೊಡ್ಡ ಪ್ರಕರಣದಲ್ಲಿ, ಹಳೇ ಮಾಲಕನ ಬಾಕಿ ತೀರಿಸಿದರೆ ಮಾತ್ರ ಹೊಸ ಮಾಲಕನಿಗೆ ಸಂಪರ್ಕ ಅನ್ನೋ ನಿಯಮ ಇದ್ದರೆ ಅದು ಸಿಂಧು ಅಂತ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಮನೆ ಕೊಂಡವನಿಗೇ ಈ ಗತಿ. ಮನೆಗೆ ಕಾಲಿಡುವ ಮೊದಲು ಹಿಂದಿನವರು ಏನು ಬಿಟ್ಟು ಹೋಗಿದ್ದಾರೆ ನೋಡೋದು ಎಷ್ಟು ಮುಖ್ಯ ಅಂತ ಇದರಿಂದ ಗೊತ್ತಾಗಬೇಕು.

ನೋಡೋದು ಕಷ್ಟ ಏನಲ್ಲ. ಡಿಪಾಸಿಟ್ ಕೊಡುವ ಮೊದಲು ಕಳೆದ ಬಿಲ್ಲಿನ ಪ್ರತಿ ಕೇಳಿ. ಅದರ ಮೇಲೆ ಗ್ರಾಹಕ ಸಂಖ್ಯೆ ಇರ್ತದೆ. ಆ ಸಂಖ್ಯೆ ಹಾಕಿದರೆ ಕಂಪನಿಯ ಆ್ಯಪಿನಲ್ಲೋ, ದುಡ್ಡು ಕಟ್ಟುವ ಬೇರೆ ಆ್ಯಪಿನಲ್ಲೋ ಬಾಕಿ ಎಷ್ಟು ಅಂತ ತಕ್ಷಣ ತೋರಿಸ್ತದೆ. ಕೀಲಿ ಕೈಗೆ ಬಂದ ದಿನವೇ ಮೀಟರಿನ ಅಂಕಿಯ ಫೋಟೋ ತೆಗೆದು ಮಾಲಕರಿಗೂ ನಾಲ್ವರ ಗುಂಪಿಗೂ ಕಳಿಸಿ, ತಾರೀಕು ತಾನೇ ದಾಖಲಾಗ್ತದೆ. ಬಿಲ್ ಯಾರ ಹೆಸರಲ್ಲೇ ಇರಲಿ, ಕಟ್ಟೋದು ಹುಡುಗರೇ ನೇರವಾಗಿ ಕಂಪನಿಗೆ, ಯಾರ ಕೈಗೂ ನಗದು ಇಲ್ಲ, ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿ. ಕಂಪನಿ ಬದಲಿಸಬೇಕಾದರೆ ಮಾಲಕರು ಸಹಿ ಮಾಡಿಕೊಡುತ್ತಾರೆ ಅಂತ ಇನ್ನೊಂದು ಸಾಲು. ಸಹಿ ಹಾಕುವ ದಿನ ಮಾಲಕರು ಒಪ್ತಾರೆ. ಎರಡು ತಿಂಗಳಾದ ಮೇಲೆ ಕೇಳಿದರೆ "ಯಾಕೆ ಬೇಕಪ್ಪ ಉಸಾಬರಿ" ಅಂತಾರೆ. ಮತ್ತೆ ಲಕೋಟೆ ಬಂದರೆ ಒಡೀರಿ. ಮಾಲಕರಿಗೆ ಫೋಟೋ ಕಳಿಸಿ, ಆದರೆ ಒಡೀರಿ.

ನಾಲ್ವರಲ್ಲಿ ಒಬ್ಬನೇ ಪ್ರತಿ ತಿಂಗಳು ತನ್ನ ಫೋನಿನಿಂದ ಕಟ್ಟಿ ಉಳಿದವರ ಹಿಂದೆ ಬೀಳೋದು ಇನ್ನೊಂದು ರೋಗ. ಸಾಮಾನ್ಯವಾಗಿ ಅವನು ಗುಂಪಿನಲ್ಲಿ ಎಲ್ಲರಿಗಿಂತ ಮೆತ್ತಗಿನ ಹುಡುಗ. ಎರಡು ತಿಂಗಳ ಬಿಲ್ಲಿನಷ್ಟು ದುಡ್ಡು ಶುರುವಿಗೇ ಕೂಡಿಸಿ ಇಟ್ಟರೆ, ಬಿಟ್ಟು ಹೋಗುವವನು ತನ್ನ ಕೊನೆಯ ಬಿಲ್ ಆದ ಮೇಲೆ ವಾಪಸ್ ತೊಗೊಂಡು ಹೋದರೆ, ಸ್ನೇಹವೂ ಉಳೀತದೆ. ನಮ್ಮಲ್ಲಿ ಒಬ್ಬ ಮಾರ್ಚ್‌ನಲ್ಲಿ ಊರಿಗೆ ಹೋದವನು ಇನ್ನೂ ಬರ್ತಾನೇ ಇದ್ದಾನೆ.

ಕಂಪನಿ ಆರಿಸೋ ಈ ಮಾತು ಮುಂದೆ ನಮ್ಮೂರಿಗೂ ಬರಬಹುದು. ಇರುವ ಕಂಪನಿಯ ತಂತಿಯ ಮೇಲೇ ಬೇರೆ ಕಂಪನಿಗೂ ಕರೆಂಟ್ ಮಾರಲು ಅವಕಾಶ ಕೊಡುವ ವಿದ್ಯುತ್ ತಿದ್ದುಪಡಿ ಮಸೂದೆಯನ್ನು ಕೇಂದ್ರ 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡಿಸಿತ್ತು. ವಿರೋಧ ಬಂದು ಅದು ಸ್ಥಾಯಿ ಸಮಿತಿಗೆ ಹೋಯಿತು. ಬಂದರೆ ಒಳ್ಳೇದೋ ಕೆಟ್ಟದೋ ಅನ್ನೋ ವಾದ ಬೇರೆ ದಿನಕ್ಕಿರಲಿ, ಪಂಪ್‌ಸೆಟ್‌ನವರ ಚಿಂತೆ ಅದರಲ್ಲಿ ದೊಡ್ಡದು. ನಾನು ಕೇಳೋದು ಒಂದೇ: ಆ ಆಯ್ಕೆ ಯಾರಿಗೆ? ಬ್ರಿಟನ್‌ನಲ್ಲಿ ಓದುವ ಹುಡುಗರು ಬಾಡಿಗೆ ಮನೆಯಲ್ಲಿ ತಾವೇ ನೇರವಾಗಿ ಬಿಲ್ ಕಟ್ಟುತ್ತಿದ್ದರೆ ಕಂಪನಿ ಆರಿಸುವ ಹಕ್ಕು ಅವರದೇ ಅಂತ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಹೇಳ್ತದೆ. 2021ರಲ್ಲಿ ಗ್ಯಾಸ್ ದರ ಏರಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಂಪನಿ ಮುಳುಗಿದವು, ಅಗ್ಗದ ದರ ಅಂತ ಹೋದವರು ಬೇರೆ ಕಂಪನಿಯ ಪಾಲಾದರು. ಆದರೂ ದೀಪ ಆರಲಿಲ್ಲ, ಗ್ರಾಹಕ ಯಾರು ಅಂತ ಕಾಗದದ ಮೇಲೆ ಸ್ಪಷ್ಟ ಇತ್ತು. ಇಲ್ಲಿ ಹೊಸ ಕಾನೂನು ತರೋರು ಬಿಲ್ ಕಟ್ಟುವ ಬಾಡಿಗೆದಾರನನ್ನು ಗ್ರಾಹಕ ಅಂತ ಬರೆಯದಿದ್ದರೆ, ಎರಡಲ್ಲ ಹತ್ತು ಕಂಪನಿ ಬಂದರೂ ಅವನಿಗೆ ಒಂದೂ ಬಂದ ಹಾಗಲ್ಲ.

ಅಂಧೇರಿಯ ಹುಡುಗನಿಗೆ ಇಷ್ಟನ್ನೂ ಫೋನಿನಲ್ಲೇ ಹೇಳಿದೆ. ಮೊದಲು ಹಳೇ ಬಿಲ್ ತರಿಸು ಅಂದೆ. ಮೂರು ದಿನ ಸುದ್ದಿ ಇಲ್ಲ. ನಾಲ್ಕನೇ ದಿನ ಮೆಸೇಜ್ ಬಂತು.

"ಅಣ್ಣಾ, ಬಿಲ್ ಕೊಟ್ರು. ಹಿಂದಿನವರದು 5,340 ಬಾಕಿ ಐತಿ. ಅದನ್ನ ಕಟ್ಟಿದ ಮ್ಯಾಲೇ ಡಿಪಾಸಿಟ್ ಕೊಡ್ತೀವಿ ಅಂದ್ವಿ. ಮಾಲಕರು ಸಿಟ್ಟಾದ್ರು, ಆದ್ರ ಸಂಜಿಕ ಕಟ್ಟಿ ರಸೀದಿ ಕಳಿಸ್ಯಾರ."

"ಶಾಬಾಶ್. ಕಂಪನಿ ಯಾವದು ಮಾಡಿದ್ರಿ?"

"ಅದು ಇನ್ನೂ ಆಗಿಲ್ರೀ. ಎಸಿ ಖೋಲಿ ಯಾರಿಗೆ ಅಂತ ಜಗಳ ನಡದೈತಿ."